ನಾಣ್ಯಶಕುನದ ವೀರಭದ್ರಪ್ಪನವರು
ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನ ವೀರಭದ್ರಪ್ಪನವರಿಗೆ ಚೀನೀಯರ ಹಳೆಯ ನಾಣ್ಯಶಕುನದ ಹುಚ್ಚು. ಅಂಗಳದ ಹುಲ್ಲು ಕತ್ತರಿಸುವುದಕ್ಕೂ ಅದರ ಅಪ್ಪಣೆ ಬೇಕು. ಊಟಕ್ಕೆ ಬಂದವರನ್ನೂ ಬಿಡದೆ, ಮೂರು ಕ್ವಾರ್ಟರ್ ನಾಣ್ಯಗಳನ್ನು ಕುಲುಕುತ್ತ ಪಾಠ ಶುರುಮಾಡುತ್ತಾರೆ: "ಮನಸ್ಸಿನ್ಯಾಗ ಒಂದ ಪ್ರಶ್ನೆ ಇಟ್ಕೋರಿ. ಆರು ಸಲ ಒಗೀರಿ, ಒಗದಂಗ ಒಂದೊಂದ ಗೆರಿ ಕೆಳಗಿಂದ ಮ್ಯಾಲಕ್ಕ ಬರೀರಿ. ಆ ಆರು ಗೆರಿಗೆ ಪುಸ್ತಕದಾಗ ಉತ್ತರ ಇರ್ತದ. ಕೇಳಿದ್ದನ್ನ ಮತ್ತ ಕೇಳಬಾರದ್ರಿ, ಶಕುನಕ್ಕ ಸಿಟ್ಟ ಬರ್ತದ." ಕೆಲಸ ಬಿಡಲೇ ಎಂದು ಎರಡನೆಯ ಸಲ ಕೇಳಹೊರಟ ಗೆಳೆಯ ಓಂಪ್ರಕಾಶರ ಕೈಯಿಂದ ನಾಣ್ಯಗಳನ್ನೇ ಕಿತ್ತುಕೊಂಡಿದ್ದರು. ಆದರೆ ಶುಕ್ರವಾರ ಮಗಳು ಶಿವಾನಿ ಸ್ಯಾನ್ ಡಿಯಾಗೋದ ಕಾಲೇಜಿನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟಳೆಂದರೆ, ಕ್ಷೇಮವಾಗಿ ಬರುತ್ತಾಳೆಂದು ಶಕುನ ಹೇಳಿದ ಮೇಲೂ, ಗರಾಜಿನ ಬಾಗಿಲು ಸದ್ದಾಗುವವರೆಗೆ ನಾಣ್ಯ ಒಗೆಯುತ್ತಲೇ ಇರುತ್ತಾರೆ. "ಈಗ ಸಿಟ್ಟ ಬರೂದಿಲ್ಲೇನ್ರಿ ಅದಕ್ಕ?" ಎಂದು ಹೆಂಡತಿ ಬಸವ್ವ ಕೇಳಿದರೆ, ತಲೆ ಎತ್ತದೆ ಹೇಳುತ್ತಾರೆ: "ಬರ್ಲಿ ತಗೋ. ನನ್ನ ಮ್ಯಾಲ ಬರ್ಲಿ."