ಅಮ್ಮ ಕೂರದ ಟೆಂಟು

ಅತ್ತಿಗುಂಡಿಯಲ್ಲಿ ಮಕ್ಕಳಿಗೆಂದು ಬಾಡಿಗೆಗೆ ಹಿಡಿದ ಟೆಂಟಿನೊಳಗೆ ತಲೆ ಹಾಕಿದೆ. ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ತೋಟದ ಹಳ್ಳದ ದಂಡೆ ಕಣ್ಣೆದುರು ಬಂತು.

ನಾವು ಚಿಕ್ಕವರಿದ್ದಾಗ ಒಮ್ಮೆ, ವಾರದ ಕೊನೆಗೆ ಹಳ್ಳದ ಬಳಿ ಕ್ಯಾಂಪ್ ಮಾಡೋಣ ಎಂದು ಅಪ್ಪ ನನಗೂ ತಂಗಿಗೂ ಮಾತು ಕೊಟ್ಟಿದ್ದರು. ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ಹೊದಿಸುವ ಟಾರ್ಪಾಲನ್ನೇ ತಂದು, ಸಿಲ್ವರ್ ಓಕ್ ಮರಗಳ ನಡುವೆ ಹಗ್ಗ ಬಿಗಿದು ಟೆಂಟು ಕಟ್ಟಿದರು. "ಈ ತಿಂಗಳಲ್ಲಿ ಎಲ್ಲಿ ಮಳೆ ಬರುತ್ತೆ?" ಎಂದು ನಕ್ಕರು.

ನಮಗಿಂತ ಹೆಚ್ಚು ಕುಣಿದವಳು ಅಮ್ಮ. ಮನೆಗೆಲಸವನ್ನೆಲ್ಲ ಮುಗಿಸಿ, ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದು, "ಸ್ವಲ್ಪ ಸರೀರಿ, ನಾನೂ ಕೂತ್ಕೋತೀನಿ" ಎಂದು ಸೆರಗು ಸಿಕ್ಕಿಸಿ ಬಗ್ಗಿದಳು.

ಅಷ್ಟರಲ್ಲಿ ಗುಡುಗಿತು. ಅಪ್ಪ ಹಗ್ಗ ಬಿಚ್ಚಿ ಟಾರ್ಪಾಲು ಎಳೆದುಕೊಂಡು ಕಣಕ್ಕೆ ಓಡಿದರು. ಅದರ ಇನ್ನೊಂದು ತುದಿ ಹಿಡಿದು ಓಡಿದವಳೂ ಅಮ್ಮನೇ. ಬಿದ್ದದ್ದು ನಾಲ್ಕು ಹನಿ. ಟಾರ್ಪಾಲು ಮಾತ್ರ ಮತ್ತೆ ಕಣ ಬಿಟ್ಟು ಕದಲಲಿಲ್ಲ. "ಮುಂದಿನ ವರ್ಷ ಮಾಡೋಣ" ಎಂದರು ಅಪ್ಪ. ಪ್ರತಿ ವರ್ಷವೂ ಕಣದಲ್ಲಿ ಕಾಫಿ ಇತ್ತು. ಅಮ್ಮ ಈಗಿಲ್ಲ.

ಇವತ್ತು ಟೆಂಟಿನ ಮೇಲೆ ಹನಿ ಬಿದ್ದ ಸದ್ದಿಗೆ, ಮೊಮ್ಮಕ್ಕಳ ನಡುವೆ ಕೂತಿದ್ದ ಅಪ್ಪ ದಡಕ್ಕನೆ ಎದ್ದರು. ಇಲ್ಲಿ ಹೊದಿಸಬೇಕಾದ ಕಾಫಿಯಿಲ್ಲವೆಂದು ನೆನಪಾಗಿ ಮೆಲ್ಲಗೆ ಕೂತರು.

"ಅವತ್ತು ಕಾಫಿ ನೆನೆದ್ರೆ ನೆನೀಲಿ ಅಂತ ಬಿಡಬೇಕಿತ್ತು ಮಾರಾಯ" ಎಂದರು. "ಅವಳು ಒಂಚೂರು ಹೊತ್ತು ಕೂತ್ಕೊಂಡಿದ್ರೆ ಏನಾಗ್ತಿತ್ತು?"