ಸಕ್ಕೂಬಾಯಿಯ ಒರತೆ

1976ರ ಜೂನ್ ತಿಂಗಳಲ್ಲಿ ನಾನು ಬಾದಾಮಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ನೌಕರಿಗೆ ಸೇರಿ ಐದು ವರ್ಷವಾಗಿತ್ತು. ಹದಿನೆಂಟು ಹಳ್ಳಿ, ಒಂದು ಸೈಕಲ್ಲು, ಒಂದು ಡಬ್ಬಿ ಬ್ಲೀಚಿಂಗ್ ಪೌಡರ್, ಜೊತೆಗೆ ನನಗೆಲ್ಲ ಗೊತ್ತು ಎಂಬ ಧಿಮಾಕು. ಘಟನೆ ನಡೆದ ಊರಿನ ಹೆಸರು ಹೇಳುವುದಿಲ್ಲ. ಮಹಾಕೂಟದಿಂದ ಬಹಳ ದೂರವಿಲ್ಲ ಎಂದರೆ ಸಾಕು. ಆ ಊರಿನವರ ಮೊಮ್ಮಕ್ಕಳು ಈಗ ಓದು ಬಲ್ಲವರು, ನಾನು ಇನ್ನೂ ಆ ದಾರಿಯಲ್ಲಿ ಓಡಾಡಬೇಕು.

ಒಂದು ಸೋಮವಾರ ಬೆಳಿಗ್ಗೆ ಆ ಊರಿನ ತಳವಾರ ಓಡುತ್ತ ಬಂದ. ಎರಡು ದಿನದಲ್ಲಿ ಹನ್ನೊಂದು ಮಂದಿಗೆ ವಾಂತಿ-ಭೇದಿ. ಒಬ್ಬ ಮುದುಕ, ಒಂದು ಕೂಸು ತೀರಿಕೊಂಡಿದ್ದರು. ಲಕ್ಷಣ ಕೇಳಿದರೆ ಕಾಲರಾ ಎನ್ನಲು ಯಾರೂ ಬೇಕಿರಲಿಲ್ಲ. ನಮ್ಮ ಡಾಕ್ಟರು ಸಾಲೆಯ ಕೋಣೆಯಲ್ಲಿ ರೋಗಿಗಳನ್ನು ಮಲಗಿಸಿ ಸಲೈನ್ ಹಚ್ಚಲು ಶುರು ಮಾಡಿದರು. ನನ್ನ ಕೆಲಸ ಬೇರೆ. ರೋಗ ಎಲ್ಲಿಂದ ಬಂತೆಂದು ಹುಡುಕುವುದು. ಅದಕ್ಕೆ ನಾವು ಲೈನ್ ಲಿಸ್ಟ್ ಎಂಬ ಪಟ್ಟಿ ಮಾಡುತ್ತೇವೆ. ರೋಗಿಯ ಹೆಸರು, ವಯಸ್ಸು, ಯಾವತ್ತು ಬಿದ್ದರು, ಯಾವ ನೀರು ಕುಡಿದರು, ಇಷ್ಟನ್ನು ಒಬ್ಬೊಬ್ಬರನ್ನೂ ಕೇಳಿ ಬರೆಯಬೇಕು.

ಪಟ್ಟಿ ಬರೆಯುವ ಮೊದಲೇ ನಾನು ಇನ್ನೊಂದು ಕೆಲಸ ಮಾಡಿದೆ. ಊರಾಚೆ ಹಳ್ಳದ ದಂಡೆಗೆ ಘಿಸಾಡಿಗಳ ಐದು ಗಾಡಿ ಬಂದು ಇಳಿದಿದ್ದವು. ಊರೂರು ತಿರುಗಿ ಕುಡಗೋಲು, ಕೊಡಲಿ ಮಾಡುವ, ಕುಂಟೆಯ ಕುಡ ತಟ್ಟುವ ಕಬ್ಬಿಣದ ಕೆಲಸದ ಜನ ಅವರು. ಅವರ ಮನೆಮಾತು ಬೇರೆ, ಉಡುಗೆ ಬೇರೆ; ಅವರಲ್ಲಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವವರು ಹೆಂಗಸರು. ಬಿತ್ತಿಗೆಯ ಹೊತ್ತಿನಲ್ಲಿ ಅವರಿಲ್ಲದೆ ಊರಿಗೆ ನಡೆಯುತ್ತಿರಲಿಲ್ಲ. ಆದರೂ ಹೆಂಗಸರು ಸುತ್ತಿಗೆ ಹೊಡೆಯುವುದನ್ನು ನೋಡಿ ನಗುವವರೇ ಹೆಚ್ಚು. ಹೊರಗಿನಿಂದ ಬಂದವರನ್ನು ಮೊದಲು ನೋಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಊರ ನಡುವಿನಿಂದ ಸೈಕಲ್ ಹೊಡೆದುಕೊಂಡು ನೆಟ್ಟಗೆ ಅಲ್ಲಿಗೇ ಹೋದೆ.

ಗಡಿಗೆ ತೆಗೆಸಿದೆ, ಮಕ್ಕಳ ಹೊಟ್ಟೆ ಮುಟ್ಟಿ ನೋಡಿದೆ. ಒಬ್ಬರಿಗೂ ಏನೂ ಆಗಿರಲಿಲ್ಲ. ಗಾಡಿಗಳ ಯಜಮಾನಿ ಸಕ್ಕೂಬಾಯಿ, ಐವತ್ತರ ಆಸುಪಾಸಿನ ಹೆಂಗಸು. ನೀರು ಎಲ್ಲಿಯದು ಎಂದು ಕೇಳಿದಾಗ ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯನ್ನು ತೋರಿಸಿದಳು.

“ಊರ ಬಾವಿಗಿ ನಮ್ಮನ್ನ ಇಳಿಗೊಡಂಗಿಲ್ರಿ ಸಾಹೇಬ್ರ. ಮೆಟ್ಟಲ ಮ್ಯಾಲ ನಿಂತು ಸುರೀತೇವಿ, ಹಿಡೀರಿ ಅಂದ್ರು. ಅವರಿಗೆ ಮನಸ್ಸು ಬಂದಾಗ ನೀರು. ಯಾರು ಕಾಯಬೇಕ್ರಿ? ನಾವಽ ತೋಡಿಕೊಂಡ್ವಿ.”

ದನ ಇಳಿಯದಂತೆ ಒರತೆಯ ಸುತ್ತ ಮುಳ್ಳಿನ ಬೇಲಿ. ಪಕ್ಕದ ಗೂಟಕ್ಕೆ ಉದ್ದ ಹಿಡಿಕೆಯ ಒಂದು ಕಬ್ಬಿಣದ ಸೌಟು. ಅದನ್ನು ಬಿಟ್ಟು ಬೇರೇನೂ ಆ ನೀರಿಗೆ ತಾಗುವಂತಿಲ್ಲ ಎಂದಳು. ನಾನು ಅದನ್ನೆಲ್ಲ ಕಣ್ಣಾರೆ ಕಂಡೂ ಒಂದು ಚಮಚ ಬ್ಲೀಚಿಂಗ್ ಪೌಡರ್ ಉದುರಿಸಿಯೇ ಬಂದೆ.

ಮಧ್ಯಾಹ್ನದ ತನಕ ಸಾಲೆಯಲ್ಲಿ ಕೂತು ಪಟ್ಟಿ ಬರೆದೆ. ಹನ್ನೊಂದಕ್ಕೆ ಹನ್ನೊಂದೂ ಊರ ಮೆಟ್ಟಿಲು ಬಾವಿಯ ನೀರು ಕುಡಿದವರು. ಬಾವಿಗೆ ಬಿಡದೆ ದೂರ ಇಟ್ಟ ಆ ಐದು ಗಾಡಿಯವರು ಮಾತ್ರ ಗಟ್ಟಿಮುಟ್ಟು. ಇದಕ್ಕಿಂತ ಸ್ಪಷ್ಟ ಪುರಾವೆ ನನ್ನ ಇಡೀ ನೌಕರಿಯಲ್ಲಿ ಮತ್ತೆ ಸಿಗಲಿಲ್ಲ. ಖುಷಿಯಿಂದ ಚಾವಡಿಗೆ ಹೋದರೆ ಅಲ್ಲಿ ಊರ ಗೌಡರ ಸುತ್ತ ಮೂವತ್ತು ಗಂಡಸರು ಸೇರಿದ್ದರು. ಒಬ್ಬನ ಕಾಲ ಬಳಿ ಚಿಮಣಿ ಎಣ್ಣೆಯ ಡಬ್ಬಿ. ಹೊತ್ತು ಮುಳುಗುವುದರೊಳಗೆ ಘಿಸಾಡಿಗಳು ಜಾಗ ಬಿಡಬೇಕು, ಇಲ್ಲದಿದ್ದರೆ ಗಾಡಿ ಸುಡುವುದು ಎಂದು ತೀರ್ಮಾನವಾಗಿತ್ತು. ಆ ಗಾಡಿಗಳೊಂದರಲ್ಲಿ ಸಕ್ಕೂಬಾಯಿಯ ಸೊಸೆ ಹಡೆದು ನಾಲ್ಕು ದಿನವಾಗಿತ್ತು.

“ಬಾವಿಯಿಂದಲೇ ಬಂದದ್ದು ಗೌಡ್ರ, ಅವರಿಂದಲ್ಲ,” ಎಂದೆ.

ಗೌಡರು ನಕ್ಕರು. “ಅವರಿಂದಲ್ಲ ಅಂದ್ರ ಬೆಳಿಗ್ಗೆ ನೀವು ಮೊದಲ ಅಲ್ಲಿಗ್ಯಾಕ ಹೋದ್ರಿ? ಸರಕಾರದವರಽ ಹೋದ್ಮ್ಯಾಲ ನಮಗಿನ್ನೇನ್ ಬೇಕ್ರಿ?”

ಪಟ್ಟಿ ಬಿಚ್ಚಿ ಓದಿದೆ. ಅವರಲ್ಲಿ ಒಬ್ಬರಿಗೂ ರೋಗವಿಲ್ಲ ನೋಡಿ ಎಂದೆ.

“ಅದಽ ನಾನೂ ಹೇಳೋದು! ಊರಿಗೆಲ್ಲಾ ಬಂದದ್ದು ಅವರಿಗ್ಯಾಕ ಬರಲಿಲ್ಲ? ಮಾಟ ಮಾಡಿಸಿದವರಿಗೆ ಬರತದೇನ್ರಿ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಷ್ಟೋ ಸಲ ಆಡಿದ್ದೆ. ಬರೆಯ ಕಬ್ಬಿಣ ಕಾಯುವುದನ್ನು ಅವತ್ತೇ ನೋಡಿದ್ದು. ಅವರಿಗೆ ರೋಗ ಬಂದಿದ್ದರೆ ತಂದವರು, ಬರದಿದ್ದರೆ ಮಾಡಿಸಿದವರು. ತಪ್ಪು ನಂದ್ರಿ, ಮೊದಲ ಅಲ್ಲಿಗೆ ಹೋಗಬಾರದಿತ್ತು ಎಂದು ಕೂಗಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಗೌಡರ ತಾಯಿ ಶಿವಲಿಂಗವ್ವ ಬಂದರು. ಎಪ್ಪತ್ತು ದಾಟಿದ್ದ, ಹಣೆ ತುಂಬ ವಿಭೂತಿ ಧರಿಸುತ್ತಿದ್ದ ಹಿರಿಯರು. ಆ ಊರಲ್ಲಿ ಹೆಂಗಸರು ಚಾವಡಿಯ ಕಟ್ಟೆ ಹತ್ತುತ್ತಿರಲಿಲ್ಲ. ಅವರು ಹತ್ತಿದರು.

“ಮೊದಲ ಆಗಿದ್ದು ನಮ್ಮ ಮನ್ಯಾಗ,” ಎಂದರು. “ನನ್ನ ಸಣ್ಣಮಗ ಬಾಗಲಕೋಟಿ ಲಗ್ನಕ್ಕ ಹೋಗಿ ಬಂದು ಮೂರು ದಿನ ಮಲಗಿದ್ದ. ಮರ್ಯಾದಿ ಹೋಗತದಂತ ಮುಚ್ಚಿಟ್ವಿ. ಅವನ ಧೋತರ ಬಾವಿ ಮೆಟ್ಟಲ ಮ್ಯಾಲ ಒಗದಾಕಿ ನಾನು. ಸುಡೋದಿದ್ರ ನನ್ನ ಸುಡ್ರಿ.”

ತುಸು ಹೊತ್ತಿಗೆ ಎಣ್ಣೆಯ ಡಬ್ಬಿ ತಂದವನು ಅದನ್ನು ಎತ್ತಿಕೊಂಡು ಮನೆಗೆ ಹೋದ. ನಾನು ಆ ತಾಯಿಯ ಕಾಲು ಮುಟ್ಟಿದೆ. ಅಷ್ಟು ಧೈರ್ಯ ನನ್ನಲ್ಲಿ ಇರಲಿಲ್ಲ, ಇವತ್ತಿಗೂ ಇಲ್ಲ.

ಬಾವಿ ಮುಚ್ಚಿಸಿದೆವು. ಆದರೆ ಊರಿಗೆ ನೀರು? ಇನ್ನೊಂದು ಬಾವಿ ಎರಡು ಮೈಲಿ ಆಚೆ. ನಾಚಿಕೆ ಬಿಟ್ಟು ಹಳ್ಳಕ್ಕೆ ಹೋಗಿ ಸಕ್ಕೂಬಾಯಿಯನ್ನು ಕೇಳಿದೆ. ಅವಳು ತಮ್ಮ ಮಾತಿನಲ್ಲಿ ಉಳಿದವರೊಡನೆ ಏನೋ ಚರ್ಚಿಸಿ ಬಂದಳು.

“ಕೊಡತೇವ್ರಿ. ಆದ್ರ ಯಾರೂ ಕೊಡ ಅದ್ದಂಗಿಲ್ಲ. ನಾವು ಸುರೀತೇವಿ, ಅವರು ಹಿಡೀಲಿ.”

ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನನ್ನದು ಎಂಥ ಬುದ್ಧಿ! ಅವರ ನೀರು ಕೆಡದೆ ಉಳಿದದ್ದೇ ಆ ಕ್ರಮದಿಂದ. ಮರುದಿನ ಬೆಳಿಗ್ಗೆ ಮೊದಲ ಕೊಡ ಹಿಡಿದು ಬಗ್ಗಿ ನಿಂತವರು ಶಿವಲಿಂಗವ್ವ. ಅವರ ಹಿಂದೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಕೆಲವರು ಎರಡು ಮೈಲಿ ನಡೆದರೇ ಹೊರತು ಅವರ ಕೈಯ ನೀರು ಮುಟ್ಟಲಿಲ್ಲ. ಘಿಸಾಡಿ ಹೆಂಗಸರು ಕುಲುಮೆ ಆರಿಸಿ, ಇನ್ನೆರಡು ಒರತೆ ತೋಡಿ, ಒಂಬತ್ತು ದಿನ ನೀರು ಸುರಿದರು. ಐದನೆಯ ದಿನದ ನಂತರ ಹೊಸ ರೋಗಿ ಬರಲಿಲ್ಲ. ಬಿಜಾಪುರದ ಜಿಲ್ಲಾ ಕಚೇರಿಯಿಂದ ನನಗೆ ಮೆಚ್ಚುಗೆಯ ಪತ್ರ ಬಂತು. ಅದರಲ್ಲಿ ಸಕ್ಕೂಬಾಯಿಯ ಹೆಸರಿರಲಿಲ್ಲ. ವರದಿಯಲ್ಲಿ ನಾನೇ ಬರೆದಿರಲಿಲ್ಲ.

ಅವರು ಗಾಡಿ ಹೂಡುವ ದಿನ ಹೋಗಿ ಕೇಳಿದೆ. “ಇಷ್ಟೆಲ್ಲಾ ಮಾಡಿದ್ರಲ್ಲಬೇ, ಊರವರ ಮ್ಯಾಲ ನಿನಗ ಸಿಟ್ಟು ಬರಲಿಲ್ಲೇನು?”

“ಅವರ ಮ್ಯಾಲ ಏನ್ ಸಿಟ್ರಿ? ಮನ್ಯಾಗ ಹೆಣ ಬಿದ್ದಿದ್ವು, ಅಂಜಿದ್ರು,” ಎಂದಳು ಹಗ್ಗ ಬಿಗಿಯುತ್ತ. “ಸಿಟ್ಟು ಬಂದಿದ್ದು ನಿಮ್ಮ ಮ್ಯಾಲರಿ. ನೀವು ಕಲತಾವ್ರು. ಬ್ಯಾನಿ ಬಿದ್ದಾವ್ರನ್ನ ದಾಟಿಕೊಂಡು ನಮ್ಮ ಕಡೆ ಯಾಕ ಬಂದ್ರಿ?”

ತರಬೇತಿಯ ಮಾತು ಬಾಯಿಗೆ ಬಂತು, ಆಡಲಿಲ್ಲ. ಅವರು ನಮ್ಮಂತಿಲ್ಲ ಎಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಕಾರಣವಿರಲಿಲ್ಲ.

ಮುಂದೆ ಹುನಗುಂದ, ಇಳಕಲ್ಲು ಎಂದು ಇಪ್ಪತ್ತಾರು ವರ್ಷ ನೌಕರಿ ಮಾಡಿದೆ. ಎಲ್ಲಿ ರೋಗ ಬಂದರೂ ಮೊದಲು ಬಿದ್ದವರ ಮನೆಯಿಂದಲೇ ಶುರು ಮಾಡಿದೆ. ಬೇರೆಯವರನ್ನು ದ್ವೇಷಿಸುವುದು ಕೆಟ್ಟವರ ಕೆಲಸ ಎಂದು ನಾನು ತಿಳಿದಿದ್ದೆ. ಆ ಊರಿನವರು ಕೆಟ್ಟವರಾಗಿರಲಿಲ್ಲ, ಹೆದರಿದ್ದರು. ಹೆದರಿದವರು ಯಾರಾದರೂ ದಿಕ್ಕು ತೋರಿಸಲಿ ಎಂದು ಕಾಯುತ್ತಾರೆ. ಆ ಸೋಮವಾರ ಬೆಳಿಗ್ಗೆ, ಬಾಯಿ ಕೂಡ ಬಿಡದೆ, ಅದನ್ನು ತೋರಿಸಿದವನು ನಾನು.