ರೊಟ್ಟಿ ಅಕ್ಕನ ಹಗುರ ಚೀಲ

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಸುಮ್ಮನೆ ಮಾತಾಡುವಾಗಲೂ ಅವಳ ಅಂಗೈ ಹಿಟ್ಟು ತಟ್ಟುವಂತೆ ಆಡುತ್ತಿತ್ತು. ದಿಲ್ಲಿಯ ಆಹಾರ ಮೇಳಕ್ಕೆ ಅವಳಿಗೆ ಕರೆ ಬಂದಾಗ, ವಿಮಾನದಲ್ಲಿ ಸಾಮಾನಿನ ತೂಕ ಹೆಚ್ಚಾದರೆ ಹಣ ಕಟ್ಟಬೇಕೆಂದು ಜೊತೆಗೆ ಹೊರಟಿದ್ದ ನಾನು ಹೇಳಿದೆ. ಮರುದಿನವೇ ನನ್ನನ್ನು ರಾಯಚೂರಿನ ಬ್ಯಾಗಿನ ಅಂಗಡಿಗೆ ಎಳೆದೊಯ್ದಳು.

ಅಂಗಡಿಯವನು ಗಾಲಿಯ ಸೂಟ್‌ಕೇಸೊಂದನ್ನು ಮುಂದಿಟ್ಟ. ಅಕ್ಕ ಅದನ್ನು ಎತ್ತಿ ನೋಡಿ ಕೆಳಗಿಟ್ಟಳು.

"ಖಾಲಿ ಇದ್ದಾಗನ ಇಷ್ಟು ಭಾರ ಅದ. ನಾ ಒಯ್ಯಾಕತ್ತಿದ್ದು ರೊಟ್ಟಿರೀ, ಪೆಟಿಗಿ ಅಲ್ಲ. ಇನ್ನೂ ಹಗುರಾದ್ದು ತೋರಸ್ರಿ."

ಪ್ರತಿಯೊಂದಕ್ಕೂ "ಇನ್ನೂ ಹಗುರಾದ್ದು" ಎನ್ನುತ್ತ, ಕೊನೆಗೆ ಕಿರುಬೆರಳಿಗೆ ಜೋತುಬಿದ್ದ ಬಟ್ಟೆಯ ಬ್ಯಾಗನ್ನು ಆರಿಸಿದಳು.

"ಇದ್ರಾಗ ರೊಟ್ಟಿ ಮುರೀತಾವಲ್ಲಕ್ಕಾ?" ಎಂದೆ.

"ಸುತ್ತ ನನ್ನ ಸೀರಿ ತುಂಬ್ತೀನಿ, ನೀ ಸುಮ್ಕಿರು."

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಬ್ಯಾಗನ್ನು ತೂಕಕ್ಕಿಟ್ಟಾಗ ಅವಳು ಉಸಿರು ಬಿಗಿಹಿಡಿದು ನಿಂತಳು. ಒಂದು ರೊಟ್ಟಿಯನ್ನೂ ಹೊರಗೆ ತೆಗೆಯಬೇಕಾಗಲಿಲ್ಲ.

ಮೇಳದಲ್ಲಿ ರೊಟ್ಟಿ ತಿಂದ ಹಿರಿಯರೊಬ್ಬರು, ಯಾವ ಊರಿನವರೆಂದು ಹಿಂದಿಯಲ್ಲಿ ಕೇಳಿದರು. ನಾನು "ಕರ್ನಾಟಕ" ಎನ್ನುವಷ್ಟರಲ್ಲಿ ಅಕ್ಕ ಸೆರಗು ಸರಿಪಡಿಸಿಕೊಂಡು, ಅಂಗಡಿಗಳ ಇಡೀ ಸಾಲಿಗೆ ಕೇಳುವಂತೆ ಹೇಳಿದಳು:

"ಮಾನ್ವಿ!"